ನೆರಡಿ ರೋಗವೂ ರಕ್ತಪರೀಕ್ಷೆಯೂ

ದನಕರುಗಳಿಗೂ ಕುರಿಮೇಕೆಗಳಿಗೂ ತಗಲುವ ಅಂಟುರೋಗಗಳಲ್ಲಿ ನೆರಡಿಯು ಅತ್ಯಂತ ಭಯಂಕರವಾದುದು. ಸಾಯಂಕಾಲ ಮೇದು ಬಂದ ಎತ್ತು ಬೆಳಗಾಗುವುದರೊಳಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿರುವುದುಂಟು. ಹಾವು ಕಚ್ಚಿತೆಂದೋ ಸಿಡಿಲು ಬಡಿಯಿತೆಂದೋ ಭಾವಿಸಿ, ಚರ್ಮದ ಬೆಲೆಯಾದರೂ ದಕ್ಕಲೆಂದು ಸುಲಿಸುವವರಿದ್ದಾರೆ. ಇದು ಮನುಷ್ಯರಿಗೂ ತಗಲತಕ್ಕ ರೋಗ. ಸುಲಿದವರ ಕೈಯಲ್ಲಿ ಕಪ್ಪು ಹಕ್ಕಳೆಗಟ್ಟುವ ಹುಣ್ಣು ಏಳುವುದು. ಮಾಂಸ ತಿಂದವರಿಗೆ ಪ್ರಾಣಾಪಾಯವೂ ಒದಗಬಹುದು. ಆದುದರಿಂದ ಹೆಣವನ್ನು ಮುಟ್ಟುವ ಮೊದಲೇ ಸಾವಿನ ಕಾರಣವನ್ನು ತಿಳಿಯುವುದು ಅವಶ್ಯಕವು. ಇದಕ್ಕೆ ಒಂದು ತೊಟ್ಟು ರಕ್ತವೇ ಸಾಕು.

ರೋಗದ ಕಾರಣ.— ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಕಡ್ಡಿಯಾಕಾರದ ಸೂಕ್ಷ್ಮಜೀವಿಯು ಈ ರೋಗವನ್ನುಂಟುಮಾಡುವುದೆಂದು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ 1876ರಲ್ಲಿ ತೋರಿಸಿಕೊಟ್ಟನು. ಹೆಣವನ್ನು ಕೊಯ್ಯದಿದ್ದರೆ, ಒಳಗಿರುವ ಈ ಕಡ್ಡಿಗಳು ದೇಹವು ಕೊಳೆಯುತ್ತ ಬಂದಂತೆ ಕೆಲವು ದಿನಗಳಲ್ಲಿ ಬಹುಮಟ್ಟಿಗೆ ನಾಶವಾಗುವುವು. ಕೊಯ್ದು ಗಾಳಿ ಸೋಕಿಸಿದರೆ ಅವು ಗಟ್ಟಿಯಾದ ಬೀಜಾಣುಗಳಾಗಿ ಮಾರ್ಪಟ್ಟು, ಹತ್ತಾರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿರುವುವು. ಮೇವಿನೊಡನೆ ದನಗಳ ಹೊಟ್ಟೆ ಸೇರಿ ರೋಗವನ್ನು ಮರಳಿ ತರುವುವು.

ರಕ್ತದ ಲೇಪ.— ಹೆಣದ ಹೊಟ್ಟೆಯು ಬೇಗನೆ ಉಬ್ಬಿ, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಒಸರುತ್ತಿದ್ದರೆ ನೆರಡಿಯೆಂದು ಶಂಕಿಸಿ ಕೂಡಲೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಅವರು ಕೈಗವಸು ಧರಿಸಿ, ಕಿವಿಯ ನರವನ್ನು ಚುಚ್ಚಿ, ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸುವರು. ಪ್ರಯೋಗಶಾಲೆಯಲ್ಲಿ ಆ ಲೇಪಕ್ಕೆ ಹಳತಾಗಿ ಮಾಗಿದ ಮೆಥಿಲೀನ್ ಬ್ಲೂ ಬಣ್ಣವನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿದಿರಿನ ತುಂಡುಗಳಂತೆ ತುದಿ ಚಚ್ಚೌಕವಾದ ನೀಲಿ ಕಡ್ಡಿಗಳು ಸಾಲುಗೂಡಿರುವುವು; ಅವುಗಳ ಸುತ್ತ ನಸುಗೆಂಪು ಕವಚವು ಕಾಣುವುದು. 1903ರಲ್ಲಿ ಮಕ್‌ಫಾಡಿಯನ್ ವಿವರಿಸಿದ ಈ ಗುರುತು ಇಂದಿಗೂ ಆಧಾರವಾಗಿದೆ. ಚಪ್ಪೆ ಬೇನೆಯ ಕಡ್ಡಿಗಳ ತುದಿ ದುಂಡಗಿರುವುದಲ್ಲದೆ ಅವುಗಳಿಗೆ ಇಂಥ ಕವಚವಿಲ್ಲ.

ತಡವಾದಲ್ಲಿ.— ಹೆಣ ಕೊಳೆತ ಮೇಲೆ ಲೇಪದಿಂದ ನಿರ್ಣಯಿಸುವುದು ಕಷ್ಟ. ಆಗ ಸೂಕ್ಷ್ಮಜೀವಿಯನ್ನು ಅಗರ್ ಮೇಲೆ ಬೆಳೆಸಿಯೋ, ಪಿಸಿಆರ್ ವಿಧಾನದಿಂದ ಅದರ ವಂಶದ್ರವ್ಯವನ್ನು ಹುಡುಕಿಯೋ ತಿಳಿಯುವರು. ಬಳಸಿದ ಉಪಕರಣಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೇರಿಸಿ ಶುದ್ಧಿಮಾಡುವರು. ಬರಿಯ ಬಿಸಿನೀರಿಗೆ ಬೀಜಾಣುಗಳು ಬಗ್ಗುವುದಿಲ್ಲ.

ನಿವಾರಣೆ.— ಫ್ರಾನ್ಸಿನ ಲೂಯಿ ಪಾಸ್ತರ್ 1881ರಲ್ಲಿ ಕುರಿಗಳ ಮೇಲೆ ಬಹಿರಂಗ ಪ್ರಯೋಗ ನಡೆಸಿ ಲಸಿಕೆಯ ಫಲವನ್ನು ಸಿದ್ಧಪಡಿಸಿದನು. ದಕ್ಷಿಣ ಆಫ್ರಿಕದಲ್ಲಿ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕವಚ ಕಟ್ಟದ ತಳಿಯೊಂದನ್ನು ಪಡೆದನು. ಅದರ ಬೀಜಾಣುಗಳೇ ಈಗಿನ ಲಸಿಕೆ. ರೋಗ ಕಾಣಿಸಿಕೊಂಡ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಇದನ್ನು ಹಾಕಿಸುವುದು ಉತ್ತಮ. ಇದು ಜೀವಂತ ಲಸಿಕೆಯಾದುದರಿಂದ ಅದೇ ಸಮಯದಲ್ಲಿ ಪೆನಿಸಿಲಿನ್ ಮೊದಲಾದ ಔಷಧಿಗಳನ್ನು ಕೊಟ್ಟರೆ ಲಸಿಕೆಯು ವ್ಯರ್ಥವಾಗುವುದು.

ಸತ್ತ ದನವನ್ನು ಸುಲಿಯದೆ, ಕೊಯ್ಯದೆ, ಹಳ್ಳಕ್ಕೆ ಎಸೆಯದೆ, ಪಶುವೈದ್ಯರ ಸಮ್ಮುಖದಲ್ಲಿ ಪೂರ್ಣವಾಗಿ ಸುಡತಕ್ಕದ್ದು. ಅದು ಸಾಧ್ಯವಿಲ್ಲದಿದ್ದರೆ ನೀರಿನ ನೆಲೆಯಿಂದ ದೂರದಲ್ಲಿ ಆಳವಾಗಿ ಹೂಳತಕ್ಕದ್ದು. ರಕ್ತ ಬಿದ್ದ ಹುಲ್ಲನ್ನೂ ಅದರೊಡನೆಯೇ ಸುಡಬೇಕು. ಒಂದು ಚರ್ಮದ ಬೆಲೆಗೆ ಆಸೆಪಟ್ಟು, ಮಕ್ಕಳ ಕಾಲದವರೆಗೂ ಊರ ಗೋಮಾಳವನ್ನು ಕೆಡಿಸಿಕೊಳ್ಳುವುದು ಯಾವ ರೈತನಿಗೂ ಲಾಭವಲ್ಲ.