ನಾಯಿಯ ಹೊಟ್ಟೆ ಸೇರುವ ಮನೆಯ ವಸ್ತುಗಳು

ಮನೆ ಕಾಯುವ ನಾಯಿಗೆ ಗಾಯವಾದರೆ ನಾವು ಕೂಡಲೇ ಉಪಚರಿಸುತ್ತೇವೆ. ಆದರೆ ಅದು ಊಟ ಬಿಟ್ಟು ಮೂಲೆಯಲ್ಲಿ ಮಲಗಿದರೆ, ‘ನಾಳೆ ಸರಿಹೋದೀತು’ ಎಂದು ಸುಮ್ಮನಾಗುತ್ತೇವೆ. ಮನೆಯದೇ ಯಾವುದೋ ವಸ್ತು ಅದರ ಕರುಳಿನಲ್ಲಿ ಸಿಕ್ಕಿಕೊಂಡಿದ್ದರೆ, ಹೀಗೆ ಕಳೆಯುವ ಒಂದೆರಡು ದಿನಗಳೇ ಅದರ ಪ್ರಾಣಕ್ಕೆ ಎರವಾಗುತ್ತವೆ.

ನಾಯಿಯು ನಮ್ಮಂತೆ ಅಗಿದು ತಿನ್ನುವ ಪ್ರಾಣಿಯಲ್ಲ. ಕಚ್ಚಿ ಹರಿದು ನುಂಗುವ ಪ್ರಾಣಿ. ವಾಸನೆಯೇ ಅದಕ್ಕೆ ದಾರಿ ತೋರುತ್ತದೆ. ಬೆವರಿನ ಕಾಲುಚೀಲ, ಎಣ್ಣೆ ತಾಗಿದ ಅರಿವೆ, ಉಳಿದ ಅನ್ನ ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲ ಇವೆಲ್ಲ ಅದಕ್ಕೆ ಆಹಾರದಂತೆಯೇ ತೋರುತ್ತವೆ. ಹಲ್ಲು ಮೂಡುವ ಮರಿಗಳಂತೂ ಕಂಡದ್ದನ್ನೆಲ್ಲ ಕಚ್ಚುತ್ತವೆ.

ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಬೇಸಿಗೆಯ ಮಾವಿನ ಗೊರಟೆಯೂ ಕಾಳು ತಿಂದು ಬಿಸುಟ ಗೋವಿನಜೋಳದ ತೆನೆಯೂ ಅಂಗಳದಲ್ಲಿಯೇ ಬಿದ್ದಿರುತ್ತವೆ. ಇವು ಜೀರ್ಣವಾಗುವುದಿಲ್ಲ. ಗಂಟಲು ದಾಟಿ ಜಠರ ಸೇರಿದರೂ ಅದಕ್ಕಿಂತ ಕಿರಿದಾದ ಸಣ್ಣ ಕರುಳಿನಲ್ಲಿ ಸಿಕ್ಕಿಬೀಳುತ್ತವೆ. ಎಕ್ಸ್‌ರೇಯಲ್ಲಿಯೂ ಇವು ಸ್ಪಷ್ಟವಾಗಿ ಕಾಣದಿರಬಹುದು.

ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗದಂತಹ ನೇಕಾರರ ಓಣಿಗಳಲ್ಲಿ ನೂಲಿನ ಬಗೆಗೆ ಹೆಚ್ಚಿನ ಎಚ್ಚರ ಬೇಕು. ನುಂಗಿದ ದಾರದ ಒಂದು ತುದಿ ಜಠರದಲ್ಲಿ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದ ಚೀಲದ ಬಾಯಿಯಂತೆ ಕರುಳು ನೆರಿಗೆಗಟ್ಟುತ್ತದೆ. ಬಿಗಿದ ದಾರವು ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಒಳಗಿನ ಕಲ್ಮಷ ಹೊಟ್ಟೆಯೊಳಗೆ ಸೋರಿ ನಂಜೇರುತ್ತದೆ. ಆಟಿಕೆ ಮತ್ತು ಗಡಿಯಾರಗಳ ಗುಂಡಿಯಾಕಾರದ ಬ್ಯಾಟರಿಯು ಅನ್ನನಾಳದಲ್ಲಿ ನಿಂತರೆ ಕೆಲವೇ ಗಂಟೆಗಳಲ್ಲಿ ಅದನ್ನು ಸುಡುತ್ತದೆ. ನುಸಿಗುಳಿಗೆ ಹಾಗೂ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು.

ಮೇಲಿಂದ ಮೇಲೆ ವಾಂತಿ, ಜೊಲ್ಲು ಸುರಿಯುವಿಕೆ, ಊಟ ನೀರು ಬಿಡುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಬೆನ್ನು ಬಾಗಿಸಿ ನಿಲ್ಲುವುದು, ಮಲ ಹೋಗದೆ ತಿಣುಕುವುದು ಇವು ಮುಖ್ಯ ಲಕ್ಷಣಗಳು. ನಡುವೆ ಒಮ್ಮೆ ಮಲ ಹೋದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯಬಾರದು.

ಇಂತಹ ವೇಳೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಸಲ್ಲದು. ಹೆಚ್ಚು ಉಪ್ಪು ತಾನೇ ವಿಷವಾಗುತ್ತದೆ. ಸೂಜಿ, ಬ್ಯಾಟರಿಗಳು ಹಿಂದಿರುಗಿ ಬರುವಾಗ ಮತ್ತೊಮ್ಮೆ ಗಾಯ ಮಾಡುತ್ತವೆ. ಹರಳೆಣ್ಣೆ ಕುಡಿಸಬಾರದು. ಬಾಯಿಯಿಂದಾಗಲಿ ಗುದದಿಂದಾಗಲಿ ದಾರ ಇಣುಕಿದರೆ ಎಳೆಯಲೇಬಾರದು.

ಮಾಡಬೇಕಾದದ್ದು ಇಷ್ಟೆ: ನುಂಗಿದ್ದು ಏನು, ಎಷ್ಟು ಹೊತ್ತಿಗೆ ಎಂಬುದನ್ನು ನೆನಪಿಟ್ಟು, ಅದರ ತುಂಡು ಅಥವಾ ಮಾತ್ರೆಯ ಹೊದಿಕೆ ಉಳಿದಿದ್ದರೆ ಜೊತೆಗೊಯ್ದು, ಲಕ್ಷಣಗಳಿಗೆ ಕಾಯದೆ ಪಶುವೈದ್ಯರನ್ನು ಕಾಣಬೇಕು. ವಸ್ತು ಇನ್ನೂ ಜಠರದಲ್ಲಿರುವಾಗ, ಅಂದರೆ ಮೊದಲ ಒಂದೆರಡು ಗಂಟೆಗಳಲ್ಲಿ, ವೈದ್ಯರು ಶಸ್ತ್ರಕ್ರಿಯೆಯಿಲ್ಲದೆ ಹೊರತೆಗೆಯುವ ಸಾಧ್ಯತೆ ಹೆಚ್ಚು. ಕಣಕುಂಬಿ, ಜಾಂಬೋಟಿಯಂತಹ ಕಾಡಂಚಿನ ಊರುಗಳಿಂದ ಮಳೆಗಾಲದ ಪಯಣಕ್ಕೇ ಹೊತ್ತು ಹಿಡಿಯುವುದರಿಂದ ಅಲ್ಲಿಯವರು ಮೊದಲೇ ಫೋನ್ ಮಾಡಿ, ಎಕ್ಸ್‌ರೇ ಮತ್ತು ಶಸ್ತ್ರಚಿಕಿತ್ಸೆಯ ಅನುಕೂಲ ಎಲ್ಲಿದೆಯೆಂದು ವಿಚಾರಿಸಿ ಹೊರಡುವುದು ಲೇಸು. ಸಂಚಾರಿ ಪಶು ಚಿಕಿತ್ಸಾ ಸೇವೆಯ 1962 ಸಂಖ್ಯೆಗೂ ಕರೆ ಮಾಡಬಹುದು.

ಇವೆಲ್ಲಕ್ಕಿಂತ ಸುಲಭವಾದುದು ಮುನ್ನೆಚ್ಚರಿಕೆ. ಗೊರಟೆ, ತೆನೆಗಳನ್ನು ತಿಪ್ಪೆಯ ಆಳಕ್ಕೆ ಹಾಕೋಣ; ಸೂಜಿದಾರ, ಮಾತ್ರೆಗಳನ್ನು ಮುಚ್ಚಿಡೋಣ; ಉಳಿದ ಅನ್ನವನ್ನು ಚೀಲದಲ್ಲಿ ಕಟ್ಟಿ ಎಸೆಯದೆ ಬಿಡಿಯಾಗಿ ನೀಡೋಣ. ಮಾತು ಬಾರದ ಜೀವ ತನ್ನ ನೋವನ್ನು ಹೇಳಲಾರದು. ಅದನ್ನು ಗುರುತಿಸುವ ಹೊಣೆ ಸಾಕಿದ ನಮ್ಮದು.