ಶನಿವಾರ ಹೊರಟರೆ ಸೋಮವಾರ ಬೆಂಗಳೂರು

‘ಶನಿವಾರ ರಾತ್ರಿ ಹೊರಡುತ್ತೇವೆ’ ಎಂದು ನಾವು ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿದರೆ, ಊರಿನಲ್ಲಿ ಭಾನುವಾರದ ಅಡುಗೆಗೆ ತಯಾರಿ ಶುರುವಾಗುತ್ತದೆ. ಆದರೆ ಆ ಭಾನುವಾರ ನಮಗೆ ಸಿಗುವುದೇ ಇಲ್ಲ!

2021ರ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಇಳಿದದ್ದು ಸೋಮವಾರ ನಸುಕಿನಲ್ಲಿ. ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ಉತ್ತರ ಧ್ರುವದ ಮೇಲಿನಿಂದ ಹಾರಿಸಿ ತಂದಿದ್ದರು.

ಧ್ರುವದ ದಾರಿ ಏಕೆ? ಎರಡೂ ನಗರಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ. ಮಕ್ಕಳ ಗ್ಲೋಬಿನ ಮೇಲೆ ಎರಡಕ್ಕೂ ದಾರ ಎಳೆದು ಬಿಗಿಹಿಡಿದರೆ ಅದು ಧ್ರುವದ ಸಮೀಪವೇ ಹಾದುಹೋಗುತ್ತದೆ. ಅದೇ ಅತಿ ಹತ್ತಿರದ ದಾರಿ: ಸುಮಾರು 14,000 ಕಿ.ಮೀ. ಹಾರಾಟಕ್ಕೆ 17 ಗಂಟೆಗೂ ಹೆಚ್ಚು ಬೇಕು. ಗಾಳಿಯ ದಿಕ್ಕು ನೋಡಿಕೊಂಡು ದಾರಿಯೂ ಸಮಯವೂ ಬದಲಾಗುತ್ತವೆ.

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಅಲ್ಲಿಯದು, ಇಳಿಯುವ ಹೊತ್ತು ಇಲ್ಲಿಯದು. ಚಳಿಗಾಲದಲ್ಲಿ ಭಾರತದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಾರ್ಚ್‌ನಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಹಾಗಾಗಿ ಬರುವಾಗ ಒಂದು ದಿನ ನುಂಗಿಹೋದಂತೆ ಕಾಣುತ್ತದೆ. ನೇರ ವಿಮಾನದಲ್ಲಿ ಮರಳುವಾಗ ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಿದ್ದರು.

ರಜೆಗೆ ಬರುವಾಗ ಇದೆಲ್ಲ ತಮಾಷೆ. ಊರಿನಲ್ಲಿ ಹಿರಿಯರು ತೀರಿಕೊಂಡ ಸುದ್ದಿ ಬಂದಾಗ ಹಾಗಲ್ಲ. ‘ಮಗ ಎಷ್ಟು ಹೊತ್ತಿಗೆ ಬರುತ್ತಾನೆ, ಕಾಯೋಣವೇ?’ ಎಂದು ನೆಂಟರು ಕೇಳುತ್ತಾರೆ. ಆಗ 17 ಗಂಟೆ ಎಂದು ಹೇಳಿದರೆ ಸಾಲದು. ಸ್ಯಾನ್ ಹೋಸೆಯ ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಮೂರು ಗಂಟೆ, ಬೆಂಗಳೂರಿನಲ್ಲಿ ಇಳಿದು ಹೊರಬರಲು ಒಂದೂವರೆ ಗಂಟೆ, ಶಿವಮೊಗ್ಗಕ್ಕೆ ಕಾರಿನಲ್ಲಿ ಆರು ಗಂಟೆ. ನೇರ ವಿಮಾನ ಇದ್ದರೂ ಒಟ್ಟು ಸುಮಾರು 30 ಗಂಟೆ. ದುಬೈ ಅಥವಾ ಫ್ರಾಂಕ್‌ಫರ್ಟ್ ಮೂಲಕ ಬರಬೇಕಾದರೆ ಮುಂದಿನ ವಿಮಾನಕ್ಕೆ ಕಾಯುವ ಹೊತ್ತೂ ಸೇರುತ್ತದೆ. ಅಂದೇ ಸೀಟು ಸಿಗುವ ಖಾತ್ರಿಯಂತೂ ಇಲ್ಲ.

ಆದ್ದರಿಂದ ಟಿಕೆಟ್ ಆದ ಕೂಡಲೇ ‘ಮನೆ ಬಾಗಿಲಿಗೆ ಬರುವುದು ಇಂಥ ದಿನ, ಭಾರತದ ಇಷ್ಟು ಗಂಟೆಗೆ’ ಎಂದು ಒಂದೇ ಸಾಲಿನಲ್ಲಿ ತಿಳಿಸುವುದು ನಮ್ಮ ಕೆಲಸ. ಪಾಸ್‌ಪೋರ್ಟ್, ವಿದೇಶಿ ಪೌರತ್ವ ಪಡೆದವರಾದರೆ ಒಸಿಐ ಕಾರ್ಡ್, ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವರೂ ನಾವೇ.

ಊರಿನಲ್ಲಿರುವ ನಿಮ್ಮಲ್ಲಿ ಒಂದು ವಿನಂತಿ. ಇಂಥ ಸಂದರ್ಭದಲ್ಲಿ ಎಷ್ಟು ಹೊತ್ತು ಕಾಯುವುದು, ಕಾಯಲಾಗದಿದ್ದರೆ ಮುಂದೆ ನಿಂತು ಕಾರ್ಯ ಮಾಡುವವರು ಯಾರು ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಮಾತಾಡಿಕೊಳ್ಳೋಣ. ಅಪಶಕುನವೆಂದು ಮುಂದೂಡುವುದು ಬೇಡ. ಕಾಯದೆ ಮುಗಿಸಬೇಕಾಗಿ ಬಂದರೂ ಆಗ ಯಾರ ಮನಸ್ಸಿನಲ್ಲೂ ಕೊರಗು ಉಳಿಯದು.