ಪಕ್ಕೆಯನ್ನು ಓದುವವರು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ನಡೆಯುವ ಟೆವಿಸ್ ಕಪ್ ರೈಡ್ ಕುದುರೆಗಳ ತಾಳಿಕೆಗೆ ಒಡ್ಡುವ ಪರೀಕ್ಷೆ: 24 ಗಂಟೆಯೊಳಗೆ 100 ಮೈಲಿ. ಟಾಹೋ ಸರೋವರದ ಕಡೆಯಿಂದ ಆಬರ್ನ್‌ವರೆಗೆ ಒಂದೇ ದಿನದಲ್ಲಿ ಸವಾರಿ ಸಾಧ್ಯವೆಂದು 1955ರಲ್ಲಿ ವೆಂಡೆಲ್ ರೋಬಿ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಇಂದಿಗೂ ಹೊರಟ ಕುದುರೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಗುರಿ ಮುಟ್ಟುತ್ತವೆ. ಉಳಿದವುಗಳಲ್ಲಿ ಬಹಳಷ್ಟನ್ನು ನಿಲ್ಲಿಸುವವರು ದಾರಿಯಲ್ಲಿ ಕಾದಿರುವ ಪಶುವೈದ್ಯರು.

ರಾಬಿನ್ಸನ್ ಫ್ಲಾಟ್, ಫಾರೆಸ್ಟ್‌ಹಿಲ್‌ಗಳಲ್ಲಿ ಒಂದೊಂದು ಗಂಟೆಯ ಕಡ್ಡಾಯ ವಿಶ್ರಾಂತಿ. ನಾಡಿ ನಿಗದಿತ ಮಿತಿಗೆ ಇಳಿಯಬೇಕು. ಒಸಡು ಒತ್ತಿ ರಕ್ತ ಮರಳುವುದನ್ನು ನೋಡುತ್ತಾರೆ, ಚರ್ಮ ಚಿವುಟುತ್ತಾರೆ, ಹೊಟ್ಟೆಯ ಸದ್ದು ಆಲಿಸುತ್ತಾರೆ, ಟ್ರಾಟ್ ಮಾಡಿಸಿ ಕುಂಟು ಹುಡುಕುತ್ತಾರೆ. ಇವೆಲ್ಲಕ್ಕಿಂತ ನನ್ನನ್ನು ಸೆಳೆದದ್ದು ಉಸಿರಿನ ಪರೀಕ್ಷೆ.

ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಬಿಸಿಲಲ್ಲಿ ಓಡಿ ಬಂದ ಕುದುರೆಯಲ್ಲಿ ಕೆಲವೊಮ್ಮೆ ಈ ಲೆಕ್ಕ ತಲೆಕೆಳಗಾಗುತ್ತದೆ. ನಾಡಿ 60ಕ್ಕೆ ಇಳಿದಿದ್ದರೂ ಉಸಿರು 80 ದಾಟಿರುತ್ತದೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಕುದುರೆ ಬಾಯಿಂದ ಉಸಿರಾಡಲಾರದು. ಬೆವರಷ್ಟೇ ಸಾಲದೆ ಹೋದಾಗ ಮೂಗಿನಿಂದಲೇ ಮೇಲುಸಿರು ಬಿಟ್ಟು ಒಳಗಿನ ಕಾವನ್ನು ಹೊರಹಾಕುತ್ತದೆ. ಹೀಗಾಗಿ ಅಂಕಿಯೊಂದೇ ಏನನ್ನೂ ಹೇಳದು. ವೈದ್ಯರು ಪಕ್ಕೆಯ ಏರಿಳಿತ ನೋಡುತ್ತಾ ನಿಲ್ಲುತ್ತಾರೆ. ಉಸಿರು ಮೇಲುಮೇಲಿನದೋ, ಹೊಟ್ಟೆಯನ್ನೆಲ್ಲ ಎಳೆದು ಬಿಡುವ ಏದುಸಿರೋ? ಕತ್ತಿಗೆ ನೀರು ಸುರಿದ ಮೇಲೆ ಇಳಿಯಿತೇ? ಥರ್ಮಾಮೀಟರ್ ಏನು ಹೇಳುತ್ತದೆ? ಹುಲ್ಲಿಗೆ ಬಾಯಿ ಹಾಕುತ್ತಿದೆಯೇ? ಮೇಯುತ್ತಾ ಮೇಲುಸಿರು ಬಿಡುವ ಕುದುರೆ ಬೇರೆ, ಮಂಕಾಗಿ ನಿಂತು ಏದುವ ಕುದುರೆಯೇ ಬೇರೆ.

ಇನ್ನೊಂದು ಸೂಕ್ಷ್ಮವಿದೆ. ಒಮ್ಮೊಮ್ಮೆ ಪಕ್ಕೆ ಬಿಕ್ಕಳಿಕೆಯಂತೆ ಎಗರುತ್ತದೆ. ಅದು ಉಸಿರಲ್ಲ. ಬೆವರಿನಲ್ಲಿ ಲವಣಗಳು ಹರಿದುಹೋಗಿ ಕ್ಯಾಲ್ಸಿಯಂ ಕುಸಿದಾಗ ವಪೆ ಎದೆಬಡಿತಕ್ಕೆ ತಾಳ ಹಾಕತೊಡಗುತ್ತದೆ. ಆ ಕುದುರೆಯ ಓಟ ಅಲ್ಲಿಗೆ ಮುಗಿಯಿತು.

ಚೇತರಿಕೆ ಅಳೆಯಲು ಪಶುವೈದ್ಯ ಕೆರಿ ರಿಡ್ಗ್‌ವೇ ಹೆಸರಿನ ಸರಳ ವಿಧಾನವೂ ಇದೆ: ನಾಡಿ ಎಣಿಸಿ, 125 ಅಡಿ ಟ್ರಾಟ್ ಮಾಡಿಸಿ ಹಿಂದಕ್ಕೆ ಕರೆತಂದು, ಹೊರಟ ಒಂದು ನಿಮಿಷಕ್ಕೆ ಮತ್ತೆ ಎಣಿಸುವುದು. ಎರಡನೆಯದು ಏರಿದ್ದರೆ ಎಚ್ಚರ.

1964ರಿಂದ ಇಲ್ಲಿ ಹ್ಯಾಗಿನ್ ಕಪ್ ಕೊಡುತ್ತಾರೆ. ಅದು ಮೊದಲ ಹತ್ತರಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವ ಕುದುರೆಗೆ. ಅದನ್ನೇ ದೊಡ್ಡ ಗೌರವವೆಂದು ಬಗೆಯುವ ಸವಾರರಿದ್ದಾರೆ. ಈಗ ಜೀನಿನಡಿಯ ಮಾನಿಟರ್ ನಾಡಿಯನ್ನು ಕ್ಷಣದಲ್ಲಿ ತೋರಿಸುತ್ತದೆ, ಸವಾರರ ಕಣ್ಣೂ ಆ ಅಂಕಿಯ ಮೇಲೇ. ಪಕ್ಕೆ ನೋಡುವ ಆ ತಾಳ್ಮೆ ಹೊಸಬರಿಗೂ ದಾಟಲಿ ಎಂಬುದು ನನ್ನಾಸೆ. ಅದನ್ನು ಕಲಿಯುವುದು ಅನುಭವಿಯ ಪಕ್ಕದಲ್ಲಿ ನಿಂತೇ.